ತಿಪ್ಪೆ ಗೊಬ್ಬರ ಹಾಕಿದರೆ ಬಿಸಿಲು ಕಡಿಮೆಯಾಗುತ್ತದೆಯೇ?



ಒಮ್ಮೆ ಬುಕ್ಕಸಾಗರದ ಕಡೆಯ ಒಂದು ಶಾಲೆಗೆ ವಿಜ್ಞಾನ ಪಾಠಕ್ಕೆಂದು ಹೋಗಿದ್ದೆ. ಕಿಟಕಿಯಿಂದ ಹೊರಗೆ ನೋಡಿದರೆ ಒಂದು ಕಡೆ ಬಾಳೆ ತೋಟ, ಇನ್ನೊಂದು ಕಡೆ ಭತ್ತದ ಗದ್ದೆ. ದೂರದಲ್ಲಿ ಎಲ್ಲೋ ಕಬ್ಬಿನ ರವದಿಗೆ ಬೆಂಕಿ ಇಟ್ಟಿದ್ದರು. ಹೊಗೆ ಮೇಲೇಳುತ್ತಿತ್ತು. ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಹೇಳಿ, ಸಾವಯವ ಕೃಷಿಯೂ ಇದಕ್ಕೆ ಒಂದು ಪರಿಹಾರ ಎಂದು ಪಾಠ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ತಿಪ್ಪೆ ಗೊಬ್ಬರ ಹಾಕಿದ್ರೆ ಬಿಸಿಲು ಕಮ್ಮಿ ಆಗತೈತೇನ್ರಿ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಏಕೆಂದರೆ ಪ್ರಶ್ನೆ ಸರಿಯಾಗಿತ್ತು, ಉತ್ತರ ಸುಲಭವಾಗಿರಲಿಲ್ಲ. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು.

ಅಂದು ಹೇಳಲಾಗದ ಉತ್ತರವನ್ನು ಇಂದು ನಿಮ್ಮೆಲ್ಲರಿಗೂ ಹೇಳುತ್ತೇನೆ. ಪೆನ್ಸಿಲ್ ಮತ್ತು ಕಾಗದ ಪಕ್ಕದಲ್ಲಿಟ್ಟುಕೊಳ್ಳಿ. ನಡುವೆ ಸ್ವಲ್ಪ ಲೆಕ್ಕವೂ ಇದೆ.

ಭೂಮಿಗೆ ಹೊದಿಕೆ

ನಮ್ಮ ಭೂಮಿಯ ಸುತ್ತ ಗಾಳಿಯ ಹೊದಿಕೆ ಇದೆ. ಅದರಲ್ಲಿರುವ ಕೆಲವು ಅನಿಲಗಳು ಸೂರ್ಯನ ಬೆಳಕನ್ನು ಒಳಗೆ ಬಿಡುತ್ತವೆ. ಆದರೆ ಕಾದ ನೆಲದಿಂದ ಹೊರಟ ಶಾಖವೆಲ್ಲ ಹೊರಗೆ ಹೋಗದಂತೆ ಒಂದಿಷ್ಟನ್ನು ತಡೆಯುತ್ತವೆ. ಇವೇ ಹಸಿರುಮನೆ ಅನಿಲಗಳು. ಇವು ಇಲ್ಲದಿದ್ದರೆ ಭೂಮಿ ಹಿಮಗಟ್ಟಿ ಹೋಗುತ್ತಿತ್ತು. ಹೆಚ್ಚಾದರೆ ಅದೇ ತೊಂದರೆ. ಚಳಿಗೆ ಒಂದು ಕಂಬಳಿ ಹಿತ. ಬೇಸಿಗೆಯಲ್ಲಿ ಮೂರು ಕಂಬಳಿ ಹೊದ್ದರೆ ಹೇಗಿರುತ್ತದೆ, ಯೋಚಿಸಿ.

ಕೈಗಾರಿಕಾ ಕ್ರಾಂತಿಗೆ ಮುಂಚೆ ಗಾಳಿಯ 10 ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು. 2024ರಲ್ಲಿ ಅದು 420 ಭಾಗಗಳನ್ನೂ ದಾಟಿತ್ತು. ಅದೇ 2024ನೇ ವರ್ಷವು, ಅಳತೆ ಆರಂಭವಾದಾಗಿನಿಂದ ಅಲ್ಲಿಯವರೆಗಿನ ಅತ್ಯಂತ ಬಿಸಿಯಾದ ವರ್ಷವೆಂದು ದಾಖಲಾಯಿತು.

ಇಂಗಾಲದ ಡೈಆಕ್ಸೈಡ್ ಒಂದೇ ಅಲ್ಲ, ಇನ್ನೆರಡು ಅನಿಲಗಳನ್ನು ನಾವು ನೆನಪಿಡಬೇಕು. ಒಂದು ಮೀಥೇನ್. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 27 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿದಿಡುತ್ತದೆ. ಇನ್ನೊಂದು ನೈಟ್ರಸ್ ಆಕ್ಸೈಡ್. ಇದರ ಒಂದು ಕಿಲೋ ಸುಮಾರು 273 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ! ಈ ಎರಡೂ ಅನಿಲಗಳು ಹೊಲಗದ್ದೆಗಳಿಂದಲೂ ಬರುತ್ತವೆ. ಭಾರತ ಹೊರಬಿಡುವ ಹಸಿರುಮನೆ ಅನಿಲಗಳಲ್ಲಿ ಸುಮಾರು 14 ಶೇಕಡಾ ಕೃಷಿಯಿಂದ ಬರುತ್ತದೆಂದು 2020ನೇ ವರ್ಷದ ಲೆಕ್ಕ ಹೇಳುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸುವುದರಿಂದ. ಈ ಮಾತನ್ನು ಮರೆಯಬೇಡಿ, ಕೊನೆಯಲ್ಲಿ ಬೇಕಾಗುತ್ತದೆ.

ನಮ್ಮ ಹೊಲದಿಂದ ಅನಿಲ ಹೇಗೆ ಹೊರಡುತ್ತದೆ?

1) ಗೊಬ್ಬರದ ಚೀಲದಿಂದ

ಗಿಡ ಬೆಳೆಯಲು ಸಾರಜನಕ ಬೇಕು. ಗಾಳಿಯಲ್ಲಿ 78 ಶೇಕಡಾ ಸಾರಜನಕವೇ ಇದೆ. ಆದರೂ ಗಿಡ ಅದನ್ನು ನೇರವಾಗಿ ತಿನ್ನಲಾರದು. ತುಂಗಭದ್ರೆಯ ದಂಡೆಯಲ್ಲಿ ಕುಳಿತು ಕೈಗೆ ನೀರು ಸಿಗದ ಹಾಗೆ ಅದರ ಸ್ಥಿತಿ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹಾಬರ್ ಗಾಳಿಯ ಸಾರಜನಕವನ್ನು ಜಲಜನಕದ ಜೊತೆ ಸೇರಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ 1913ರಲ್ಲಿ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. ಯೂರಿಯಾ ತಯಾರಾಗುವುದು ಈ ಅಮೋನಿಯಾದಿಂದಲೇ. ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಊಟ ಈ ಸಾರಜನಕವನ್ನು ನಂಬಿಕೊಂಡಿದೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಆದ್ದರಿಂದ ಯೂರಿಯಾವನ್ನು ವಿಷವೆಂದು ಬೈಯುವುದು ಸರಿಯಲ್ಲ.

ಆದರೆ ಅದಕ್ಕೆ ಬೆಲೆ ಇದೆ. ನಮ್ಮ ದೇಶದಲ್ಲಿ ಅಮೋನಿಯಾ ತಯಾರಿಸಲು ಹೆಚ್ಚಾಗಿ ನೈಸರ್ಗಿಕ ಅನಿಲ ಬಳಸುತ್ತಾರೆ. ಆಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಚೀಲ ಹೊಲಕ್ಕೆ ಬಂದ ಮೇಲೂ ಕಥೆ ಮುಗಿಯುವುದಿಲ್ಲ. ಹಾಕಿದ ಸಾರಜನಕವನ್ನೆಲ್ಲ ಬೆಳೆ ತೆಗೆದುಕೊಳ್ಳುವುದಿಲ್ಲ. ಒಂದಿಷ್ಟು ನೀರಿನ ಜೊತೆ ಬಸಿದು ಹೋಗುತ್ತದೆ. ಇನ್ನೊಂದಿಷ್ಟನ್ನು ಮಣ್ಣಿನ ಸೂಕ್ಷ್ಮಜೀವಿಗಳು ಬದಲಾಯಿಸುವಾಗ ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ.

ಲೆಕ್ಕ ಮಾಡಿ

ಒಂದು ಚೀಲ ಯೂರಿಯಾ = 45 ಕಿಲೋ. ಅದರಲ್ಲಿ ಸಾರಜನಕ 46 ಶೇಕಡಾ.
45 × 46 ÷ 100 = 20.7 ಕಿಲೋ ಸಾರಜನಕ.
ಸಾಮಾನ್ಯ ಲೆಕ್ಕದಲ್ಲಿ ಇದರ ನೂರರಲ್ಲಿ ಒಂದು ಪಾಲು, ಅಂದರೆ 0.207 ಕಿಲೋ ಸಾರಜನಕ, ನೈಟ್ರಸ್ ಆಕ್ಸೈಡ್ ಆಗುತ್ತದೆ. (ಮಣ್ಣು, ತೇವಾಂಶ ನೋಡಿ ಇದು ಹೆಚ್ಚು ಕಡಿಮೆ ಆಗಬಹುದು. ಸದಾ ನೀರು ನಿಂತ ಗದ್ದೆಯಲ್ಲಿ ಕಡಿಮೆ.)
ಆಮ್ಲಜನಕದ ತೂಕವನ್ನೂ ಸೇರಿಸಿದರೆ, 0.207 × 44 ÷ 28 = ಸುಮಾರು 0.325 ಕಿಲೋ ನೈಟ್ರಸ್ ಆಕ್ಸೈಡ್.
0.325 × 273 = ಸುಮಾರು 89 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.

45 ಕಿಲೋದ ಚೀಲದಿಂದ 89 ಕಿಲೋ! ಇದರಲ್ಲಿ ಕಾರ್ಖಾನೆಯ ಪಾಲು ಇನ್ನೂ ಸೇರಿಲ್ಲ. ನಿಮ್ಮ ಹೊಲಕ್ಕೆ ಒಂದು ವರ್ಷಕ್ಕೆ ಎಷ್ಟು ಚೀಲ ಹಾಕುತ್ತಾರೆ? ಮನೆಯಲ್ಲಿ ಕೇಳಿ, ಗುಣಿಸಿ ನೋಡಿ.

2) ನೀರು ನಿಂತ ಗದ್ದೆಯಿಂದ

ಹೊಸಪೇಟೆ, ಕಂಪ್ಲಿ, ಗಂಗಾವತಿಯ ಕಡೆ ಕಾಲುವೆ ನೀರಿದೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹೊಲಗಳಿಗೆ ನೀರುಣಿಸುತ್ತಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಂದ ಮೇಲೆ ಭತ್ತದ ಗದ್ದೆಗಳು ಇನ್ನಷ್ಟು ಹರಡಿದವು. ಗದ್ದೆಯಲ್ಲಿ ವಾರಗಟ್ಟಲೆ ನೀರು ನಿಂತರೆ ಮಣ್ಣಿಗೆ ಆಮ್ಲಜನಕ ಸಿಗುವುದಿಲ್ಲ. ಆಮ್ಲಜನಕ ಇಲ್ಲದ ಕಡೆ ಮಾತ್ರ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಹೆಚ್ಚುತ್ತವೆ. ಅವು ಕೊಳೆಯುವ ಹುಲ್ಲು, ಬೇರುಗಳಿಂದ ಮೀಥೇನ್ ತಯಾರಿಸುತ್ತವೆ. ಕೆಸರಿಗೆ ಕೋಲು ಚುಚ್ಚಿದಾಗ ಗುಳ್ಳೆಗಳು ಬುಳುಬುಳು ಮೇಲೆ ಬರುವುದನ್ನು ನೋಡಿದ್ದೀರಲ್ಲವೇ? ಅದರಲ್ಲಿ ಮೀಥೇನ್ ಇರುತ್ತದೆ. ದನಗಳು ಮೆಲುಕು ಹಾಕುವಾಗ ಹೊಟ್ಟೆಯಿಂದ ಬರುವ ಗಾಳಿಯಲ್ಲೂ ಇದೇ ಅನಿಲವಿದೆ.

3) ಬೆಂಕಿಯಿಂದ

ಯಂತ್ರದಿಂದ ಭತ್ತ ಕೊಯ್ಲು ಮಾಡಿದ ಮೇಲೆ ಉಳಿದ ಹುಲ್ಲಿಗೆ, ಕಬ್ಬು ಕಡಿದ ಮೇಲೆ ಉಳಿದ ರವದಿಗೆ ಬೆಂಕಿ ಇಡುವುದು ಸಾಮಾನ್ಯವಾಗಿದೆ. ಕೆಲಸ ಬೇಗ ಆಗುತ್ತದೆ, ಕೂಲಿ ಉಳಿಯುತ್ತದೆ. ಆದರೆ ಹೊಗೆಯ ಜೊತೆ ಏನೇನು ಹೋಗುತ್ತದೆ ಗೊತ್ತೇ? ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5ರಿಂದ 6 ಕಿಲೋ ಸಾರಜನಕ ಇರುತ್ತದೆ. ಸುಟ್ಟರೆ ಅದರ ಬಹುಪಾಲು ಗಾಳಿಪಾಲು. ಇಂಗಾಲವಂತೂ ಹೆಚ್ಚೂಕಡಿಮೆ ಪೂರ್ತಿ ಹೋಗುತ್ತದೆ. ಒಂದು ಕಡೆ ದುಡ್ಡು ಕೊಟ್ಟು ಸಾರಜನಕ ತರುತ್ತೇವೆ, ಇನ್ನೊಂದು ಕಡೆ ಕಡ್ಡಿ ಗೀರಿ ಅದನ್ನೇ ಸುಡುತ್ತೇವೆ!

ಮಣ್ಣು ಎಂಬ ಹಗೇವು

ಹಿಂದಿನವರು ಜೋಳವನ್ನು ನೆಲದೊಳಗೆ ಹಗೇವಿನಲ್ಲಿ ಕೂಡಿಡುತ್ತಿದ್ದರು. ಮಣ್ಣೂ ಅಂಥದೇ ಒಂದು ಹಗೇವು. ಅದು ಕೂಡಿಡುವುದು ಇಂಗಾಲವನ್ನು.

ಗಿಡಗಳು ದ್ಯುತಿಸಂಶ್ಲೇಷಣೆಯಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಎಲೆ, ಕಾಂಡ, ಬೇರು ಮಾಡಿಕೊಳ್ಳುತ್ತವೆ. ಎಲೆ ಉದುರಿ, ಬೇರು ಸತ್ತು, ಸಗಣಿ ಸೇರಿ ಮಣ್ಣಿನಲ್ಲಿ ಕೊಳೆತಾಗ ಹೆಚ್ಚಿನ ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ. ಒಂದು ಪಾಲು ಮಾತ್ರ ಕಪ್ಪಗಿನ, ಮೆತ್ತಗಿನ ಹ್ಯೂಮಸ್ ಆಗಿ ಮಣ್ಣಿನಲ್ಲಿ ಉಳಿಯುತ್ತದೆ. ಇದನ್ನು ಅಳೆಯುವುದಕ್ಕೆ ಸಾವಯವ ಇಂಗಾಲ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಮಣ್ಣು ಆರೋಗ್ಯ ಚೀಟಿ ಇದ್ದರೆ ತೆಗೆದು ನೋಡಿ. ಸಾವಯವ ಇಂಗಾಲ 0.5 ಶೇಕಡಾಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.5ರಿಂದ 0.75 ಇದ್ದರೆ ‘ಮಧ್ಯಮ’, ಅದಕ್ಕಿಂತ ಹೆಚ್ಚಿದ್ದರೆ ‘ಅಧಿಕ’. ಬಿಸಿಲು ಜೋರಾಗಿರುವ ನಮ್ಮ ಕಡೆ ಕೊಳೆಯುವಿಕೆ ಬೇಗ ನಡೆಯುತ್ತದೆ. ಆದ್ದರಿಂದ ಹಗೇವು ಬೇಗ ಬರಿದಾಗುತ್ತದೆ. ವರ್ಷವರ್ಷವೂ ತುಂಬುತ್ತಲೇ ಇರಬೇಕು.

ಇನ್ನೊಂದು ಲೆಕ್ಕ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಅದರ ಸಾವಯವ ಇಂಗಾಲ 0.4 ಶೇಕಡಾದಿಂದ 0.5 ಶೇಕಡಾಕ್ಕೆ ಏರಿತು ಎಂದುಕೊಳ್ಳಿ. ಅಂದರೆ 900 ಕಿಲೋ ಇಂಗಾಲ ಹೆಚ್ಚಾಯಿತು. ಒಂದು ಕಿಲೋ ಇಂಗಾಲ ಎಂದರೆ 3.67 ಕಿಲೋ ಇಂಗಾಲದ ಡೈಆಕ್ಸೈಡ್. 900 × 3.67 = ಸುಮಾರು 3,300 ಕಿಲೋ. ಮೇಲಿನ ಲೆಕ್ಕದ 37 ಚೀಲಗಳಿಗೆ ಸಮ! ಇದು ಒಂದು ಮಳೆಗಾಲದ ಕೆಲಸವಲ್ಲ, ಹಲವು ವರ್ಷಗಳ ಕೆಲಸ. ಗೊಬ್ಬರ ಹಾಕುವುದನ್ನು ಬಿಟ್ಟು ಮತ್ತೆ ಸುಡತೊಡಗಿದರೆ ಕೂಡಿಟ್ಟದ್ದು ಗಾಳಿಗೆ ಮರಳುತ್ತದೆ.

ಮಣ್ಣಿಗೆ ತಿನ್ನಿಸುವ ದಾರಿಗಳು

ನಮ್ಮ ಕಡೆಯ ಹಿರಿಯರು ರಾಸಾಯನಿಕ ಗೊಬ್ಬರವನ್ನು ‘ಸರಕಾರಿ ಗೊಬ್ಬರ’ ಎಂದು ಕರೆಯುವುದನ್ನು ಕೇಳಿರಬಹುದು. ಅದು ಬರುವ ಮುಂಚೆ ಇದ್ದದ್ದು ಮನೆಯ ಗೊಬ್ಬರ.

ತಿಪ್ಪೆಗುಂಡಿಯ ಗೊಬ್ಬರ ನಿಮಗೆಲ್ಲ ಗೊತ್ತು. ಸಂಡೂರಿನ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರಿಗಾರರು ರಾತ್ರಿ ಮಂದೆ ನಿಲ್ಲಿಸುತ್ತಾರೆ. ಹೊಲದವರು ಅವರಿಗೆ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಕುರಿಗೆ ಮೇವು, ಹೊಲಕ್ಕೆ ಹಿಕ್ಕೆ. ಗೊಬ್ಬರ ತಾನೇ ನಡೆದು ಬಂದ ಹಾಗಾಯಿತು, ಗಾಡಿಯ ಖರ್ಚೂ ಇಲ್ಲ.

ಸೆಣಬು, ಡಯಂಚ ಬಿತ್ತಿ ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುವುದು ಹಸಿರೆಲೆ ಗೊಬ್ಬರ. ಇವು, ಹಾಗೆಯೇ ಹೆಸರು, ಅಲಸಂದೆ, ಶೇಂಗಾ, ತೊಗರಿ ಎಲ್ಲವೂ ದ್ವಿದಳ ಜಾತಿಯವು. ಇವುಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಹಾಬರ್ ಮತ್ತು ಬಾಷ್ ಅತಿಹೆಚ್ಚು ಶಾಖ, ಒತ್ತಡ ಕೊಟ್ಟು ಮಾಡಿದ ಕೆಲಸವನ್ನು ಇದು ಸದ್ದಿಲ್ಲದೆ, ಹೊಗೆಯಿಲ್ಲದೆ ಮಾಡುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ.

ಎರೆಹುಳು ಗೊಬ್ಬರ, ಕಾಂಪೋಸ್ಟ್ ಕೂಡ ಇವೆ. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ 1920ರ ದಶಕದಲ್ಲಿ ಮಧ್ಯಭಾರತದ ಇಂದೋರಿನಲ್ಲಿ ಕೆಲಸ ಮಾಡಿ, ನಮ್ಮ ರೈತರ ಪದ್ಧತಿಗಳನ್ನೂ ನೋಡಿ ಕಲಿತು ‘ಇಂದೋರ್ ಪದ್ಧತಿ’ಯ ಕಾಂಪೋಸ್ಟನ್ನು ಜಗತ್ತಿಗೆ ತಿಳಿಸಿದರು. ನಮ್ಮ ರಾಜ್ಯದಲ್ಲಿ 2019ರಲ್ಲಿ ತೀರಿಕೊಂಡ ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು ಸ್ವತಃ ಸಾವಯವ ಕೃಷಿ ಮಾಡಿ, ಸಾವಿರಾರು ರೈತರಿಗೆ ಕಲಿಸಿದರು.

ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು ನೀರಿಗೆ ಹಾಕಿ ಮಾಡುವ ಜೀವಾಮೃತವನ್ನೂ ನೀವು ನೋಡಿರಬಹುದು. ಇದು ಸೂಕ್ಷ್ಮಜೀವಿಗಳಿಗೆ ಹಾಲಿಗೆ ಹಾಕುವ ಹೆಪ್ಪಿನ ಹಾಗೆ. ಆದರೆ ಹಾಲೇ ಇಲ್ಲದಿದ್ದರೆ ಹೆಪ್ಪು ಹಾಕಿ ಏನು ಪ್ರಯೋಜನ? ಸೂಕ್ಷ್ಮಜೀವಿಗಳಿಗೆ ತಿನ್ನಲು ಮಣ್ಣಿನಲ್ಲಿ ಎಲೆ, ಹುಲ್ಲು, ಗೊಬ್ಬರ ಇರಲೇಬೇಕು.

ಹಾಗಾದರೆ ಎಲ್ಲರೂ ನಾಳೆಯೇ ಬದಲಾಗಬಹುದಲ್ಲ?

ಇಲ್ಲಿ ನಿಲ್ಲಿ ಮಕ್ಕಳೇ. ವಿಜ್ಞಾನದ ವಿದ್ಯಾರ್ಥಿ ತನಗೆ ಇಷ್ಟವಾದ ಮಾತನ್ನೇ ಮೊದಲು ಪರೀಕ್ಷಿಸಬೇಕು. ಇದನ್ನು ನಾನು ಪುಸ್ತಕದಿಂದಲ್ಲ, ನಮ್ಮ ಮನೆಯ ಗದ್ದೆಯಿಂದ ಕಲಿತೆ. ಎಂ.ಎಸ್ಸಿ. ಮುಗಿಸಿದ ಹುಮ್ಮಸ್ಸಿನಲ್ಲಿ ಅಪ್ಪನನ್ನು ಒಪ್ಪಿಸಿ, ಒಂದೇ ವರ್ಷದಲ್ಲಿ ಎರಡು ಎಕರೆಗೂ ಚೀಲದ ಗೊಬ್ಬರ ನಿಲ್ಲಿಸಿದೆ. ನಮ್ಮಲ್ಲಿದ್ದದ್ದು ಎರಡು ದನ, ಒಂದು ಸಣ್ಣ ತಿಪ್ಪೆ. ಪೈರು ಹಳದಿಯಾಗಿ ನಿಂತಿತು. ಸುಗ್ಗಿಯಲ್ಲಿ ಅಪ್ಪ ಏನೂ ಅನ್ನಲಿಲ್ಲ. ಮನೆಗೆ ಬಂದ ಭತ್ತದ ಚೀಲಗಳನ್ನು ಎರಡು ಸಲ ಎಣಿಸಿದರು, ಅಷ್ಟೆ. ಆ ಎಣಿಕೆ ನನಗೆ ಇನ್ನೂ ನೆನಪಿದೆ.

ತಪ್ಪು ಎಲ್ಲಿತ್ತು? ಲೆಕ್ಕದಲ್ಲಿ! ಒಂದು ಎಕರೆ ಭತ್ತಕ್ಕೆ 40 ಕಿಲೋ ಸಾರಜನಕ ಬೇಕೆಂದು ಇಟ್ಟುಕೊಳ್ಳಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು 0.5 ಶೇಕಡಾ ಮಾತ್ರ. ಹಾಗಾದರೆ ಬೇಕಾದ ಗೊಬ್ಬರ 8,000 ಕಿಲೋ, ಅಂದರೆ 8 ಟನ್. ಒಂದು ದನ ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕಿದರೆ ವರ್ಷಕ್ಕೆ 3,650 ಕಿಲೋ. ಒಣಗಿ, ಕೊಳೆತು ಗೊಬ್ಬರವಾಗುವಾಗ ಅದು ಅರ್ಧಕ್ಕೆ ಇಳಿಯುತ್ತದೆ. ಒಂದು ಎಕರೆಗೇ ನಾಲ್ಕೈದು ದನ ಬೇಕು! ಈಗ ನಿಮ್ಮ ಓಣಿಯಲ್ಲಿ ಎಷ್ಟು ಮನೆಗಳಲ್ಲಿ ದನಗಳಿವೆ, ಎಣಿಸಿ ನೋಡಿ.

ಇನ್ನೂ ಕೆಲವು ಮಾತುಗಳನ್ನು ತಿಳಿದಿರಬೇಕು.

• ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಸಾವಯವ ಹೊಲಗಳ ಇಳುವರಿ ಸರಾಸರಿ ಸುಮಾರು 20 ಶೇಕಡಾ ಕಡಿಮೆ ಇದೆ. ಬೆಳೆ, ಮಣ್ಣು, ಆರೈಕೆ ನೋಡಿ ಈ ಅಂತರ ಬದಲಾಗುತ್ತದೆ. ಇಳುವರಿ ಕಡಿಮೆಯಾಗಿ ಅದನ್ನು ತುಂಬಲು ಕಾಡು ಕಡಿದರೆ ಹವಾಮಾನಕ್ಕೆ ಲಾಭವಿಲ್ಲ, ನಷ್ಟ.

• ಸಗಣಿ ಗೊಬ್ಬರದಲ್ಲಿಯೂ ಸಾರಜನಕವಿದೆ. ಅದರಿಂದಲೂ ಸ್ವಲ್ಪ ನೈಟ್ರಸ್ ಆಕ್ಸೈಡ್ ಬರುತ್ತದೆ.

• ಹಸಿ ಹುಲ್ಲು, ಕೊಳೆಯದ ಸಗಣಿಯನ್ನು ನೀರು ನಿಂತ ಗದ್ದೆಗೆ ಹಾಕಿದರೆ ಮೀಥೇನ್ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ! ಚೆನ್ನಾಗಿ ಕಳಿತ ಗೊಬ್ಬರ ಹಾಕಿದರೆ ಈ ತೊಂದರೆ ಬಹಳ ಕಡಿಮೆ. ‘ಸಾವಯವ’ ಎಂಬ ಹೆಸರಿದ್ದರೆ ಸಾಲದು, ಹೇಗೆ ಮತ್ತು ಯಾವಾಗ ಹಾಕುತ್ತೇವೆ ಎಂಬುದೂ ಮುಖ್ಯ.

ಮೀಥೇನಿಗೆ ಬೇರೆ ಮದ್ದಿದೆ. ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಹಸಿ ಮಾಡಿ, ಒಣಗಿಸಿ, ಮತ್ತೆ ಹಸಿ ಮಾಡುವುದು. ತೂತು ಕೊರೆದ ಪ್ಲಾಸ್ಟಿಕ್ ಪೈಪಿನ ತುಂಡನ್ನು ಗದ್ದೆಯಲ್ಲಿ ಹುಗಿಯುತ್ತಾರೆ. ಅದರೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಬಿಡುತ್ತಾರೆ. ಹೂ ಬಿಡುವ ಸಮಯದಲ್ಲಿ ಮಾತ್ರ ನೀರು ತಪ್ಪಿಸಬಾರದು. ಹೀಗೆ ಮಾಡಿದರೆ ಮೀಥೇನ್ ಸುಮಾರು ಅರ್ಧದಷ್ಟು ಇಳಿಯಬಹುದು, ನೀರೂ ಉಳಿಯುತ್ತದೆ. ಕಾಲುವೆಯ ಮೇಲ್ಭಾಗದವರು ನೀರು ಉಳಿಸಿದರೆ ಕೊನೆಯ ಭಾಗದ ರೈತರಿಗೂ ನೀರು ಮುಟ್ಟುತ್ತದೆ.

ಒಂದು ರಾಜ್ಯ, ಒಂದು ದೇಶ

ಸಿಕ್ಕಿಂ ರಾಜ್ಯವು 2003ರಲ್ಲಿ ಪೂರ್ತಿ ಸಾವಯವ ಆಗುವುದಾಗಿ ತೀರ್ಮಾನಿಸಿತು. ರಾಸಾಯನಿಕ ಗೊಬ್ಬರವನ್ನು ಹಂತಹಂತವಾಗಿ ಕಡಿಮೆ ಮಾಡಿ, ರೈತರಿಗೆ ತರಬೇತಿ ಕೊಟ್ಟು, 2016ರ ಜನವರಿಯಲ್ಲಿ ಪೂರ್ಣ ಸಾವಯವ ರಾಜ್ಯವೆಂದು ಘೋಷಿಸಲಾಯಿತು. 13 ವರ್ಷ ಹಿಡಿಯಿತು. ಅದು ಪುಟ್ಟ ಬೆಟ್ಟದ ರಾಜ್ಯ. ಅಲ್ಲಿ ಮೊದಲಿನಿಂದಲೂ ರಾಸಾಯನಿಕ ಗೊಬ್ಬರದ ಬಳಕೆ ಕಡಿಮೆ ಇತ್ತು.

ನೆರೆಯ ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಷೇಧಿಸಿತು. ಭತ್ತ, ಚಹಾ ಇಳುವರಿ ಕುಸಿಯಿತು. ರೈತರು ಬೀದಿಗಿಳಿದರು. ಅದೇ ವರ್ಷ ನವೆಂಬರಿನಲ್ಲಿ ನಿಷೇಧವನ್ನು ಹಿಂದಕ್ಕೆ ಪಡೆಯಬೇಕಾಯಿತು.

13 ವರ್ಷ ಒಂದು ಕಡೆ, ಕೆಲವೇ ತಿಂಗಳು ಇನ್ನೊಂದು ಕಡೆ. ಇವೆರಡರಿಂದ ನೀವು ಏನು ಕಲಿಯುವಿರಿ? ಗುಂಪಿನಲ್ಲಿ ಚರ್ಚಿಸಿ.

ಸರ್ಕಾರದ ನೆರವು ಏಕೆ ಬೇಕು?

ಹೊಲ ಬದಲಾಗಲು ಸಮಯ ಬೇಕು. ಸಾವಯವ ಎಂದು ಪ್ರಮಾಣಪತ್ರ ಪಡೆಯಲು ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ 2 ವರ್ಷ, ಬಹುವಾರ್ಷಿಕ ಬೆಳೆಗಳಿಗೆ 3 ವರ್ಷ ಕಾಯಬೇಕು. ಈ ಅವಧಿಯಲ್ಲಿ ಇಳುವರಿ ಇಳಿಯಬಹುದು, ಸಾವಯವದ ಬೆಲೆಯೂ ಸಿಗುವುದಿಲ್ಲ. ನದಿ ದಾಟುವಾಗ ನಡುನೀರಿನಲ್ಲಿ ಹರಿಗೋಲು ಬೇಕಲ್ಲವೇ? ಸರ್ಕಾರದ ಯೋಜನೆಗಳು ಆ ಹರಿಗೋಲಿನ ಹಾಗೆ.

• 2004ರಲ್ಲಿ ಕರ್ನಾಟಕ ಸರ್ಕಾರವು ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. 2013-14ರಲ್ಲಿ ಸಾವಯವ ಭಾಗ್ಯ ಯೋಜನೆಯ ಮೂಲಕ ಹೋಬಳಿ ಮಟ್ಟದಲ್ಲಿ ರೈತರ ಗುಂಪುಗಳನ್ನು ಕಟ್ಟಲಾಯಿತು.

• 2015ರಲ್ಲಿ ಕೇಂದ್ರ ಸರ್ಕಾರ ಪರಂಪರಾಗತ ಕೃಷಿ ವಿಕಾಸ ಯೋಜನೆ ಆರಂಭಿಸಿತು. ರೈತರು ಗುಂಪಾಗಿ ಸೇರಿ ಸಾವಯವ ಕೃಷಿ ಮಾಡಬೇಕು. ಪರಿಷ್ಕೃತ ನಿಯಮದಂತೆ 3 ವರ್ಷಗಳಿಗೆ ಹೆಕ್ಟೇರಿಗೆ 31,500 ರೂಪಾಯಿ ನೆರವು. ಅದರಲ್ಲಿ 15,000 ರೂಪಾಯಿ ನೇರವಾಗಿ ರೈತರ ಖಾತೆಗೆ. ಗುಂಪಿನ ರೈತರು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಪ್ರಮಾಣಪತ್ರ ಪಡೆಯುವ ಪಿಜಿಎಸ್ ಪದ್ಧತಿ ಇದರಲ್ಲಿದೆ.

• 2015ರ ಫೆಬ್ರವರಿಯಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಬಂದಿತು. ಅದೇ ವರ್ಷ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪಿಸುವುದು ಕಡ್ಡಾಯವಾಯಿತು. ಬೇವು ಸಾರಜನಕವನ್ನು ನಿಧಾನವಾಗಿ ಬಿಡುವಂತೆ ಮಾಡುತ್ತದೆ. ಪೋಲಾಗುವುದು ಕಡಿಮೆಯಾಗುತ್ತದೆ.

• 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು 2,481 ಕೋಟಿ ರೂಪಾಯಿಗಳ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಒಂದು ಕೋಟಿ ರೈತರನ್ನು ತಲುಪುವುದು ಇದರ ಗುರಿ.

ಮಾಹಿತಿಗೆ ನಿಮ್ಮ ಮನೆಯವರು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬಹುದು. ಬಳ್ಳಾರಿ ಜಿಲ್ಲೆಯ ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಗಂಗಾವತಿ, ಸಿರುಗುಪ್ಪಗಳಲ್ಲಿ ಕೃಷಿ ಸಂಶೋಧನಾ ಕೇಂದ್ರಗಳಿವೆ.

ಯೋಚಿಸಿ: 45 ಕಿಲೋ ಯೂರಿಯಾ ಚೀಲಕ್ಕೆ ರೈತರು ಕೊಡುವುದು ಸುಮಾರು 266 ರೂಪಾಯಿ. ನಿಜವಾದ ಖರ್ಚು ಅದರ ಹಲವು ಪಟ್ಟು. ಉಳಿದದ್ದನ್ನು ಸರ್ಕಾರವೇ ತುಂಬುತ್ತದೆ. ಹೀಗೆ ಸರ್ಕಾರ ಯೂರಿಯಾಕ್ಕೂ ನೆರವು ಕೊಡುತ್ತದೆ, ಸಾವಯವಕ್ಕೂ ಕೊಡುತ್ತದೆ. ಯೂರಿಯಾ ಅಗ್ಗವಾಗಿ ಸಿಕ್ಕರೆ ಅಗತ್ಯಕ್ಕಿಂತ ಹೆಚ್ಚು ಬಳಸುವ ಸಾಧ್ಯತೆ ಇಲ್ಲವೇ? ಬೆಲೆಯನ್ನು ಒಮ್ಮೆಗೇ ಏರಿಸಿದರೆ ಸಣ್ಣ ರೈತರ ಗತಿ ಏನು? ಎರಡೂ ಪ್ರಶ್ನೆಗಳನ್ನು ಮನೆಯಲ್ಲಿ ಕೇಳಿ ನೋಡಿ.

ಮಾಡಿ ನೋಡಿ

1. ಬಟ್ಟೆ ತಿನ್ನುವ ಮಣ್ಣು: ಒಂದೇ ಅಳತೆಯ ಎರಡು ಬಿಳಿ ಹತ್ತಿ ಬಟ್ಟೆಯ ತುಂಡು ತೆಗೆದುಕೊಳ್ಳಿ. ಒಂದನ್ನು ತಿಪ್ಪೆ ಗೊಬ್ಬರ ಹಾಕುವ ಜಾಗದಲ್ಲಿ, ಇನ್ನೊಂದನ್ನು ಗೊಬ್ಬರವಿಲ್ಲದ ಗಟ್ಟಿ ನೆಲದಲ್ಲಿ ಗೇಣುದ್ದ ಆಳಕ್ಕೆ ಹೂತು ಗುರುತಿಗೆ ಕಡ್ಡಿ ನೆಡಿ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ನೀರು ಹಾಕಿ. ಎರಡು ತಿಂಗಳ ಮೇಲೆ ತೆಗೆದು ನೋಡಿ. ಹೆಚ್ಚು ತೂತು ಬಿದ್ದ ಕಡೆ ಸೂಕ್ಷ್ಮಜೀವಿಗಳು ಹೆಚ್ಚು ಚುರುಕಾಗಿವೆ.

2. ಹೆಂಟೆಯ ಪರೀಕ್ಷೆ: ಬದುವಿನ ಮರದ ಬುಡದ ಒಣ ಹೆಂಟೆ ಒಂದು, ಹೊಲದ ನಡುವಿನ ಒಣ ಹೆಂಟೆ ಒಂದು. ಎರಡನ್ನೂ ನೀರು ತುಂಬಿದ ಗಾಜಿನ ಲೋಟಗಳಲ್ಲಿ ಮೆಲ್ಲಗೆ ಇಳಿಬಿಡಿ. ಯಾವುದು ಬೇಗ ಕರಗಿ ಕೆಸರಾಯಿತು? ಸಾವಯವ ಅಂಶ ಇದ್ದ ಹೆಂಟೆ ಬೇಗ ಒಡೆಯುವುದಿಲ್ಲ. ಜೋರು ಮಳೆಗೆ ಯಾವ ಹೊಲದ ಮಣ್ಣು ಕೊಚ್ಚಿ ಹೋಗುತ್ತದೆ ಎಂದು ಈಗ ನೀವೇ ಹೇಳಬಲ್ಲಿರಿ.

3. ಬೇರಿನ ಗಂಟು: ಹಿರಿಯರನ್ನು ಕೇಳಿ ಒಂದು ಶೇಂಗಾ ಅಥವಾ ಅಲಸಂದೆ ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ. ಗಂಟನ್ನು ಶಿಕ್ಷಕರ ಎದುರಿನಲ್ಲಿ ಕತ್ತರಿಸಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ. ಆ ಬಣ್ಣ ಕೊಡುವ ವಸ್ತು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿ!

4. ಶಾಲೆಯ ಗುಂಡಿ: ಬಿಸಿಯೂಟದ ತರಕಾರಿ ಸಿಪ್ಪೆ, ಅಂಗಳದ ಒಣ ಎಲೆ, ಸ್ವಲ್ಪ ಸಗಣಿ, ಮಣ್ಣು ಇವನ್ನು ಪದರ ಪದರವಾಗಿ ಹಾಕಿ. ಹದವಾಗಿ ನೀರು ಚಿಮುಕಿಸಿ. 15 ದಿನಕ್ಕೊಮ್ಮೆ ತಿರುವಿ ಹಾಕಿ, ಗಾಳಿ ಆಡಲಿ. ಗಾಳಿ ಆಡದಿದ್ದರೆ ನಾತ ಬರುತ್ತದೆ, ಮೀಥೇನೂ ಬರುತ್ತದೆ. ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ.

ಆ ಹುಡುಗಿಗೆ ಉತ್ತರ

ಈಗ ಮೊದಲ ಪ್ರಶ್ನೆಗೆ ಬರೋಣ. ತಿಪ್ಪೆ ಗೊಬ್ಬರ ಹಾಕಿದರೆ ಬಿಸಿಲು ಕಡಿಮೆಯಾಗುತ್ತದೆಯೇ?

ನಾಳೆ ನಿನ್ನ ಊರಿನ ಬಿಸಿಲು ಕಡಿಮೆಯಾಗುವುದಿಲ್ಲ, ಮಗಳೇ. ಕಲ್ಲಿದ್ದಲು, ಪೆಟ್ರೋಲು ಉರಿಯುವುದು ನಿಲ್ಲದೆ ಜಗತ್ತಿನ ಬಿಸಿ ಇಳಿಯುವುದಿಲ್ಲ. ಆ ಹೊಣೆಯನ್ನೆಲ್ಲ ರೈತರ ಹೆಗಲಿಗೆ ಹೊರಿಸುವುದು ನ್ಯಾಯವೂ ಅಲ್ಲ. ಆದರೆ ಸುಡುವ ರವದಿಯನ್ನು ಮಣ್ಣಿಗೆ ಹೊದಿಸಿದರೆ, ಅಗತ್ಯವಿದ್ದಷ್ಟೇ ಯೂರಿಯಾ ಹಾಕಿದರೆ, ಗದ್ದೆಯಲ್ಲಿ ನೀರನ್ನು ಹದವಾಗಿ ಬಿಟ್ಟರೆ, ನಿಮ್ಮ ಹೊಲದ ಪಾಲಿನ ಹೊದಿಕೆಯ ಎಳೆ ತೆಳ್ಳಗಾಗುತ್ತದೆ. ಲೆಕ್ಕ ಹಾಕಿ ನೋಡಿದ್ದೇವಲ್ಲ!

ಇನ್ನೂ ಒಂದು ಮಾತಿದೆ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಸಾವಯವ ಅಂಶ ತುಂಬಿದ ಮಣ್ಣು ಬಿದ್ದ ಮಳೆಯನ್ನು ಹೆಚ್ಚು ದಿನ ಹಿಡಿದಿಟ್ಟುಕೊಳ್ಳುತ್ತದೆ. ತಿಪ್ಪೆ ಗೊಬ್ಬರ ಬಿಸಿಲನ್ನು ಕಡಿಮೆ ಮಾಡದಿರಬಹುದು. ಬಿಸಿಲನ್ನು ತಡೆದುಕೊಳ್ಳುವ ಶಕ್ತಿಯನ್ನು ಹೊಲಕ್ಕೆ ಕೊಡುತ್ತದೆ.

ನಮ್ಮ ಮನೆಯ ಗದ್ದೆಯ ಕಥೆಯನ್ನೂ ಮುಗಿಸುತ್ತೇನೆ. ಮರುವರ್ಷ ನಾವು ಅರ್ಧ ಎಕರೆಯಲ್ಲಿ ಮಾತ್ರ ಸೆಣಬು ಬಿತ್ತಿ ಶುರುಮಾಡಿದೆವು. ಉಳಿದ ಕಡೆ ಮಣ್ಣು ಪರೀಕ್ಷೆ ಮಾಡಿಸಿ, ಯೂರಿಯಾವನ್ನು ವರ್ಷವರ್ಷ ಸ್ವಲ್ಪ ಸ್ವಲ್ಪ ಇಳಿಸಿದೆವು. ಹುಲ್ಲು ಸುಡುವುದನ್ನು ಪೂರ್ತಿ ಬಿಟ್ಟೆವು. ಅಪ್ಪ ಈಗಲೂ ಚೀಲ ಎಣಿಸುತ್ತಾರೆ. ಆದರೆ ಒಂದೇ ಸಲ.

ಪ್ರಶ್ನೆಗಳು

1. ಗಾಳಿಯಲ್ಲಿ 78 ಶೇಕಡಾ ಸಾರಜನಕ ಇದ್ದರೂ ಗಿಡಗಳಿಗೆ ಗೊಬ್ಬರ ಏಕೆ ಬೇಕು?
2. ಹಸಿ ಸಗಣಿಯನ್ನು ನೀರು ನಿಂತ ಗದ್ದೆಗೆ ಹಾಕಿದರೆ ಯಾವ ಅನಿಲ ಹೆಚ್ಚಾಗುತ್ತದೆ? ಏಕೆ?
3. ಒಂದು ಹೊಲಕ್ಕೆ ವರ್ಷಕ್ಕೆ 4 ಚೀಲ ಯೂರಿಯಾ ಹಾಕುತ್ತಿದ್ದವರು 3 ಚೀಲಕ್ಕೆ ಇಳಿಸಿದರು. 5 ವರ್ಷಗಳಲ್ಲಿ ಎಷ್ಟು ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಉಳಿಯಿತು? (ಒಂದು ಚೀಲಕ್ಕೆ 89 ಕಿಲೋ ಎಂದಿಟ್ಟುಕೊಳ್ಳಿ.)
4. ನಿಮ್ಮ ಊರಿನ ಐದು ಮನೆಗಳಿಗೆ ಹೋಗಿ ಹುಲ್ಲು, ರವದಿ, ಬಾಳೆದಿಂಡನ್ನು ಏನು ಮಾಡುತ್ತಾರೆಂದು ಕೇಳಿ ಪಟ್ಟಿ ಮಾಡಿ. ಸುಡುವವರು ಏಕೆ ಸುಡುತ್ತಾರೆ ಎಂಬ ಕಾರಣವನ್ನೂ ಬರೆಯಿರಿ. ಕಾರಣ ತಿಳಿಯದೆ ಪರಿಹಾರ ಹೇಳಲಾಗದು.